ಹಸಿರು ಸ್ಟಿಕ್ಕರಿನ ಹಿಂದೆ ಇಪ್ಪತ್ತೆರಡು ತೂತು

ವಾಹನ ಹೊಗೆ ತಪಾಸಣಾ ಕಚೇರಿಯ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ನಾನೊಬ್ಬ ಅಪರಾಧಿ. ಈ ಸಂಗತಿಯನ್ನು ನಿಮ್ಮ ಕಚೇರಿಗೆ ಎರಡು ಸಲ ಖುದ್ದಾಗಿ ಬಂದು ತಿಳಿಸಿದ್ದೇನೆ. ಎರಡು ಸಲವೂ ನಿಮ್ಮವರು ನನ್ನನ್ನು ನಿರಪರಾಧಿ ಎಂದು ಸಾರಿ ಮನೆಗೆ ಕಳಿಸಿದ್ದಾರೆ. ಆದ್ದರಿಂದ ಮೂರನೆಯ ಸಲ ಪತ್ರಿಕೆಯ ಮೂಲಕ ಎಲ್ಲರ ಕಿವಿಗೂ ಬೀಳುವಂತೆ ಹೇಳುತ್ತಿದ್ದೇನೆ. ನಮ್ಮ ಭಾವನ ಲಾರಿಯಲ್ಲಿ ಹೊಗೆ ಸೋಸುವ ಫಿಲ್ಟರಿಗೆ ನಾನು ಕೈಯಾರೆ ಇಪ್ಪತ್ತೆರಡು ತೂತು ಕೊರೆದಿದ್ದೇನೆ. ಆ ಲಾರಿ ಈಗ ನಿಮ್ಮ ಕಾನೂನು ಒಪ್ಪದಷ್ಟು ಮಸಿ ಉಗುಳುತ್ತಿದೆ. ತೂತು ಕೊರೆದ ಒಂಬತ್ತನೆಯ ದಿನ ನಿಮ್ಮ ಕಚೇರಿ ಅದೇ ಲಾರಿಯ ಗಾಜಿಗೆ ಹಸಿರು ಸ್ಟಿಕ್ಕರ್ ಅಂಟಿಸಿ, ಮಾಲಿನ್ಯ ಮಿತಿಯೊಳಗಿದೆ ಎಂದು ಸರ್ಟಿಫಿಕೇಟು ಕೊಟ್ಟಿದೆ. ನನ್ನ ಕೋರಿಕೆ ಒಂದೇ ಸಾಲಿನದು: ಆ ಲಾರಿಯನ್ನು ಫೇಲು ಮಾಡಿ. ಪಾಸು ಮಾಡಿ ಎಂದು ನಿಮ್ಮ ಬಾಗಿಲಿಗೆ ಬರುವವರು ನೂರಾರು ಜನ ಇರಬಹುದು. ಫೇಲು ಮಾಡಿ ಎಂದು ಅಂಗಲಾಚುವವನನ್ನು ಏನು ಮಾಡಬೇಕೆಂದು ನಿಮ್ಮ ಕಚೇರಿಗೆ ತಿಳಿಯುತ್ತಿಲ್ಲ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬ ಗಾದೆ ತಾವು ಕೇಳಿರಬೇಕು. ನಾನು ಹೆಗಲು ಮುಟ್ಟಿಕೊಂಡವನಲ್ಲ, ಕುಂಬಳಕಾಯಿಯನ್ನೇ ಹೊತ್ತು ತಂದು ನಿಮ್ಮ ಕೌಂಟರಿನ ಮೇಲೆ ಇಟ್ಟವನು. ನಿಮ್ಮ ಗುಮಾಸ್ತರು ಕಂಪ್ಯೂಟರ್ ನೋಡಿ, ನಮ್ಮಲ್ಲಿ ಯಾವ ಕುಂಬಳಕಾಯಿಯೂ ಕಳುವಾಗಿಲ್ಲ, ತಗೊಂಡು ಹೋಗಿ ಎಂದರು.

ನಾನು ಹೊಗೆಯ ಪರವಾಗಿ ವಕಾಲತ್ತು ಹಾಕಲು ಬಂದವನಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ. ಇಪ್ಪತ್ತೇಳು ವರ್ಷದಿಂದ ಡೀಸೆಲ್ ಎಂಜಿನ್ನುಗಳ ಹೊಟ್ಟೆ ಬಿಚ್ಚಿ ಮುಚ್ಚುವುದೇ ನನ್ನ ಕೆಲಸ. ನನಗೆ ಈ ಕೆಲಸ ಕಲಿಸಿದ ಮೇಸ್ತ್ರಿ ಸೈಲೆನ್ಸರಿನ ಬಾಯಿಗೆ ಮೂಗು ಒಡ್ಡಿ, ಬರೀ ವಾಸನೆಯಿಂದ ಯಾವ ಸಿಲಿಂಡರು ಸರಿಯಿಲ್ಲ ಎಂದು ಹೇಳುತ್ತಿದ್ದರು. ನಾವು ಅದನ್ನು ವಿದ್ಯೆ ಎಂದುಕೊಂಡಿದ್ದೆವು. ಅವರು ಐವತ್ತಮೂರಕ್ಕೇ ಹೋದರು. ಕೊನೆಯ ಎರಡು ವರ್ಷ ಮಂಚದಿಂದ ಬಚ್ಚಲಿಗೆ ಹೋಗುವಷ್ಟರಲ್ಲಿ ಎರಡು ಕಡೆ ಕೂತು ಸುಧಾರಿಸಿಕೊಳ್ಳುತ್ತಿದ್ದರು. ಹಾಗಾಗಿ ಹೊಸ ನಿಯಮ ಬಂದಾಗ ನಮ್ಮ ಸಾಲಿನ ಗ್ಯಾರೇಜುಗಳಲ್ಲಿ ನಿಮ್ಮನ್ನು ಬೈಯದೆ ಇದ್ದವನು ಬಹುಶಃ ನಾನೊಬ್ಬನೇ. ಇಷ್ಟು ವರ್ಷಕ್ಕಾದರೂ ಬುದ್ಧಿ ಬಂತಲ್ಲ ಎಂದು ಸಂತೋಷಪಟ್ಟಿದ್ದೆ.

ಹೊಸ ಲಾರಿಗಳು ಆ ನಿಯಮವನ್ನು ಹೇಗೆ ಪಾಲಿಸುತ್ತವೆ ಎಂಬುದು ನಿಮಗೆ ಕಡತದಿಂದ ಗೊತ್ತಿರಬಹುದು, ನನಗೆ ಕೈಮೇಲಿನ ಸುಟ್ಟ ಕಲೆಗಳಿಂದ ಗೊತ್ತು. ಎಂಜಿನ್ನು ಬಿಟ್ಟ ಹೊಗೆಯಲ್ಲಿ ಒಂದು ಪಾಲನ್ನು ತಿರುಗಿಸಿ ಅದರ ಬಾಯಿಗೇ ತುರುಕುತ್ತಾರೆ. ಒಳಗಿನ ಬೆಂಕಿಯ ಕಾವು ತಗ್ಗಿ ವಿಷಗಾಳಿ ಕಡಿಮೆಯಾಗುತ್ತದೆ, ಆದರೆ ಮಸಿ ಹೆಚ್ಚುತ್ತದೆ. ಆ ಮಸಿಯನ್ನು ಹಿಡಿದಿಡಲು ಜೇನುಹಟ್ಟಿಯ ಹಾಗೆ ಸಣ್ಣ ಸಣ್ಣ ಕೊಳವೆಗಳಿರುವ ಪಿಂಗಾಣಿ ಫಿಲ್ಟರು. ಉಳಿದ ವಿಷಗಾಳಿಯನ್ನು ಸಾಧುವಾಗಿಸಲು ನೀಲಿ ಮುಚ್ಚಳದ ಟ್ಯಾಂಕಿನಿಂದ ಯೂರಿಯಾ ನೀರಿನ ತುಂತುರು. ಇಷ್ಟಕ್ಕೆಲ್ಲ ಕಾವಲಾಗಿ ಹತ್ತಾರು ಸೆನ್ಸರುಗಳು. ಎಲ್ಲವೂ ಸರಿಯಿದ್ದಾಗ ಲಾರಿಯ ಹಿಂದೆ ನಿಂತು ನೆಮ್ಮದಿಯಾಗಿ ಉಸಿರಾಡಬಹುದು, ಸುಳ್ಳು ಹೇಳುವುದಿಲ್ಲ. ಒಂದು ಕೆಟ್ಟರೆ ಮಾತ್ರ ಹಳದಿ ದೀಪ ಹತ್ತುತ್ತದೆ. ಆಮೇಲೆ ಎಂಜಿನ್ನಿನ ಶಕ್ತಿ ಕಾಲುಭಾಗ ಇಳಿಯುತ್ತದೆ. ಆಮೇಲೆ ಕೆಂಪು ದೀಪ, ಅದರ ಹಿಂದೆಯೇ ಲಾರಿ ಮನುಷ್ಯನ ನಡಿಗೆಯ ವೇಗಕ್ಕೆ ಇಳಿಯುತ್ತದೆ. ಎಷ್ಟು ತುಳಿದರೂ ಅಷ್ಟೇ. ಚಾಲಕನಿಗೆ ಬುದ್ಧಿ ಬರಲಿ ಎಂದು ಮಾಡಿದ ಏರ್ಪಾಡಂತೆ. ಲಾರಿಯೊಳಗೆ ಏನಿದೆ ಎಂದು ಆ ಏರ್ಪಾಡು ಕೇಳುವುದಿಲ್ಲ.

ಭಾವನ ಲಾರಿಯೊಳಗೆ ಇರುವುದು ಕೋಳಿಮರಿಗಳು, ಅಂದೇ ಮೊಟ್ಟೆಯೊಡೆದು ಬಂದವು. ಒಂದು ಲೋಡಿಗೆ ಹನ್ನೆರಡು ಸಾವಿರ. ಮರಿ ಮಾಡುವ ಫಾರಂನಿಂದ ಗುಡ್ಡದ ಮೇಲಿನ ಸಾಕಣೆ ಶೆಡ್ಡುಗಳಿಗೆ ಒಯ್ಯಬೇಕು. ಹಿಂದಿನ ಪೆಟ್ಟಿಗೆಯಲ್ಲಿ ಗಾಳಿ ಆಡಿಸುವ ಫ್ಯಾನುಗಳು ಓಡುವುದು ಎಂಜಿನ್ನಿನಿಂದ, ಆದ್ದರಿಂದ ಲೋಡು ತುಂಬುವ ಒಂದೂವರೆ ಗಂಟೆ ಎಂಜಿನ್ನು ನಿಲ್ಲಿಸುವಂತಿಲ್ಲ. ಲೋಡಿಂಗ್ ಕೋಣೆಯ ಬಾಗಿಲನ್ನೂ ತೆರೆಯುವಂತಿಲ್ಲ, ತಣ್ಣನೆಯ ಗಾಳಿ ಸೋಕಿದರೆ ಮರಿಗಳು ಒಂದರ ಮೇಲೊಂದು ಬಿದ್ದು ಸಾಯುತ್ತವೆ. ಲಾರಿಯ ಹಿಂಭಾಗ ಕೋಣೆಯೊಳಗೆ, ಮೂತಿ ಹೊರಗೆ, ಸುತ್ತ ದಪ್ಪ ಪರದೆ. ಆ ಕೋಣೆಯಲ್ಲಿ ಟ್ರೇಗಳನ್ನು ಎತ್ತಿಕೊಡುವವರಲ್ಲಿ ನನ್ನ ಅಕ್ಕ ಒಬ್ಬಳು. ಹನ್ನೊಂದು ವರ್ಷದಿಂದ ಅವಳು ಅಲ್ಲಿದ್ದಾಳೆ. ಗಂಡ ಮರಿಗಳನ್ನು ಒಯ್ಯುತ್ತಾನೆ, ಹೆಂಡತಿ ಕಳಿಸಿಕೊಡುತ್ತಾಳೆ. ನಮ್ಮ ಮನೆಯಲ್ಲಿ ಇದೊಂದು ತಮಾಷೆ: ಇವರಿಬ್ಬರ ಸಂಸಾರದಲ್ಲಿ ದಿನಾ ಹನ್ನೆರಡು ಸಾವಿರ ಬಾಣಂತನ.

ನಿಂತೇ ಉಸಿರಾಡುವ, ಗುಡ್ಡವನ್ನು ತೆವಳಿ ಹತ್ತುವ ಇಂಥ ಲಾರಿಯ ಫಿಲ್ಟರು ಬೇಗ ಕಟ್ಟಿಕೊಳ್ಳುತ್ತದೆ. ಹೆದ್ದಾರಿಯಲ್ಲಿ ಓಡುವ ಲಾರಿಗಾದರೆ ಓಟದ ಕಾವಿಗೇ ಮಸಿ ಸುಟ್ಟುಹೋಗುತ್ತದೆ. ಇದಕ್ಕೆ ಗಾಡಿ ನಿಲ್ಲಿಸಿ, ಗುಂಡಿ ಒತ್ತಿ, ನಲವತ್ತು ನಿಮಿಷ ಎಂಜಿನ್ನನ್ನು ಜೋರಾಗಿ ಓಡಿಸಿ ಮಸಿ ಸುಡಬೇಕು. ಹಾಗೆಂದು ಲಾರಿಯ ಕೈಪಿಡಿಯಲ್ಲಿ ಬರೆದಿದೆ, ಆ ಕೈಪಿಡಿಗೆ ನಿಮ್ಮ ಕಚೇರಿಯ ಮೊಹರು ಇದೆ. ನಿಂತ ವಾಹನದ ಎಂಜಿನ್ನನ್ನು ಐದು ನಿಮಿಷಕ್ಕಿಂತ ಹೆಚ್ಚು ಓಡಿಸುವುದು ದಂಡನೀಯ ಎಂದು ರಸ್ತೆಬದಿಯ ಫಲಕದಲ್ಲಿ ಬರೆದಿದೆ, ಆ ಫಲಕಕ್ಕೂ ನಿಮ್ಮ ಕಚೇರಿಯದೇ ಮೊಹರು. ಅತ್ತ ದರಿ, ಇತ್ತ ಪುಲಿ, ಎರಡರ ಮೇಲೂ ಒಂದೇ ಮೊಹರು. ಮಾನ್ಯರೇ, ಈ ಎರಡು ಕಾಗದಗಳಿಗೆ ಸಹಿ ಹಾಕಿದವರು ಒಂದೇ ಕಟ್ಟಡದಲ್ಲಿ ಕೂತು ಒಂದೇ ಕ್ಯಾಂಟೀನಿನಲ್ಲಿ ಕಾಫಿ ಕುಡಿಯುತ್ತಾರೆ ತಾನೆ? ಒಬ್ಬರಿಗೊಬ್ಬರು ಮಾತಾಡಿದರೆ ನಾಲಿಗೆ ಸವೆಯುತ್ತದೆಯೆ?

ಭಾವ ನಿಯಮದ ಮನುಷ್ಯ. ಯೂರಿಯಾ ನೀರನ್ನು ಅಧಿಕೃತ ಡಬ್ಬಿಯಿಂದಲೇ ಹಾಕುತ್ತಿದ್ದ. ಹಳದಿ ದೀಪ ಹತ್ತಿದರೆ ಖಾಲಿ ಲಾರಿಯನ್ನು ರಸ್ತೆಬದಿ ನಿಲ್ಲಿಸಿ ನಲವತ್ತು ನಿಮಿಷ ಕಾಯುತ್ತಿದ್ದ. ಕಳೆದ ವರ್ಷ ಬೇಸಿಗೆಯಲ್ಲಿ ಒಂದು ದಿನ ಹಾಗೆ ನಿಲ್ಲಿಸಿ ಹದಿನೆಂಟು ನಿಮಿಷ ಆಗಿತ್ತು. ನಿಮ್ಮ ಇನ್‌ಸ್ಪೆಕ್ಟರು ಬೈಕಿನಲ್ಲಿ ಬಂದರು. ಮಸಿ ಸುಡುತ್ತಿದೆ, ಅರ್ಧಕ್ಕೆ ನಿಲ್ಲಿಸಿದರೆ ಕೆಡುತ್ತದೆ ಎಂದು ಭಾವ ಕೈಪಿಡಿ ತೆರೆದು ತೋರಿಸಿದ. ಅವರು ಫಲಕ ತೋರಿಸಿದರು. ಎಂಜಿನ್ನು ಆರಿಸುವವರೆಗೂ ಅಲ್ಲೇ ನಿಂತಿದ್ದು, ದಂಡದ ಚೀಟಿ ಹರಿದುಕೊಟ್ಟು, ಪರಿಸರ ಎಲ್ಲರದು ಎಂದು ಹೇಳಿ ಹೋದರು. ಮರುದಿನವೂ ಅದೇ ಕತೆ, ಬೇರೆ ಇನ್‌ಸ್ಪೆಕ್ಟರು. ಭಾವ ಹೆದರಿ ನಿಲ್ಲಿಸುವುದನ್ನೇ ಬಿಟ್ಟ. ಆ ಹೆದರಿಕೆಯ ನಾಲ್ಕನೆಯ ದಿನ, ಲೋಡು ತುಂಬಿದ ಲಾರಿ ಗುಡ್ಡದ ಅರ್ಧಕ್ಕೆ ಬಂದಾಗ ಕೆಂಪು ದೀಪ ಹತ್ತಿತು.

ಅವನು ನನಗೆ ಫೋನು ಮಾಡಿದಾಗ ಹಿಂದೆ ಮರಿಗಳ ಚಿಂವ್‌ಗುಟ್ಟುವಿಕೆ ಕೇಳುತ್ತಿತ್ತು. ನಾನು ಬೈಕಿನಲ್ಲಿ ಹೊರಟೆ. ಮುಟ್ಟುವಷ್ಟರಲ್ಲಿ ನೆತ್ತಿಯ ಮೇಲೆ ಬಿಸಿಲು, ಲಾರಿ ನಡೆಯುತ್ತಿತ್ತು, ಭಾವನ ಅಂಗಿ ಬೆನ್ನಿಗೆ ಅಂಟಿತ್ತು. ಎಂಜಿನ್ನಿಗೆ ಬಿದ್ದ ಆ ಬೀಗ ಬಿಚ್ಚಲು ಡೀಲರಿನ ಕಂಪ್ಯೂಟರೇ ಬೇಕು, ನನ್ನ ಹತ್ತಿರ ಪಾನಾ ಮಾತ್ರ ಇತ್ತು. ಡೀಲರಿನವರಿಗೆ ಫೋನು ಮಾಡಿದರೆ ಗಾಡಿಯನ್ನು ಶೋರೂಮಿಗೆ ತನ್ನಿ ಎಂದರು. ನಡೆದುಕೊಂಡೇ ಬರುತ್ತಿದೆ, ಬರುವ ವಾರ ಮುಟ್ಟಬಹುದು ಎಂದೆ. ಮೂರೂವರೆ ಗಂಟೆ ನಾನು ಲಾರಿಯ ಪಕ್ಕದಲ್ಲಿ ನಡೆದಿದ್ದೇನೆ. ಒಳಗಿನ ಸದ್ದು ಮೊದಲು ಜೋರಾಯಿತು, ಆಮೇಲೆ ಸಣ್ಣದಾಗುತ್ತ ಬಂತು. ಸಣ್ಣದಾಗುವುದೇ ಕೆಟ್ಟದ್ದು ಎಂದು ಭಾವ ಹೇಳಿದ. ಶೆಡ್ಡಿನಲ್ಲಿ ಬಾಗಿಲು ತೆಗೆದಾಗ ಎರಡು ಸಾವಿರದ ಮುನ್ನೂರು ಮರಿಗಳು ಸತ್ತಿದ್ದವು. ಇನ್ನೊಂದು ಸಲ ಹೀಗಾದರೆ ಬೇರೆ ಲಾರಿ ನೋಡಿಕೊಳ್ಳುತ್ತೇವೆ ಎಂದು ಫಾರಂನವರು ಹೇಳಿದರು. ಆ ಲಾರಿಯಲ್ಲಿ ಸತ್ತ ಮರಿಗಳಿಂದ ನಿಮ್ಮ ನಗರದ ಗಾಳಿ ಎಷ್ಟು ಶುದ್ಧವಾಯಿತು ಎಂದು ಯಾವ ವರದಿಯಲ್ಲಿ ಬರೆದಿದ್ದೀರಿ?

ಆ ಭಾನುವಾರ ನಾನು ಫಿಲ್ಟರು ಬಿಚ್ಚಿದೆ. ಭಾವ ಬೇಡವೆನ್ನಲಿಲ್ಲ, ಬೇಕೆನ್ನಲೂ ಇಲ್ಲ, ಗ್ಯಾರೇಜಿನ ಬಾಗಿಲು ಹಾಕಿ ಬೆನ್ನು ಮಾಡಿ ನಿಂತ. ಒಳಗಿನ ಪಿಂಗಾಣಿಯನ್ನೆಲ್ಲ ಒಡೆದು ತೆಗೆದರೆ ಒತ್ತಡ ತೀರಾ ಕಡಿಮೆಯಾಗಿ ಕಂಪ್ಯೂಟರಿಗೆ ಅನುಮಾನ ಬರುತ್ತದೆ. ಕಡಿಮೆ ತೂತು ಕೊರೆದರೆ ಮತ್ತೆ ಕಟ್ಟಿಕೊಳ್ಳುತ್ತದೆ. ಎಂಟು ಕೊರೆದು ಜೋಡಿಸಿ ನೋಡಿದೆ, ಹದಿನೈದು ಕೊರೆದು ನೋಡಿದೆ, ಇಪ್ಪತ್ತೆರಡಕ್ಕೆ ಸರಿಹೋಯಿತು. ಕಿರುಬೆರಳಿನ ದಪ್ಪದ ಇಪ್ಪತ್ತೆರಡು ತೂತು. ವೆಲ್ಡಿಂಗಿನ ಗುರುತು ಕಾಣದ ಹಾಗೆ ಉಜ್ಜಿ ಬಣ್ಣ ಬಳಿದೆ. ನನ್ನ ಇಪ್ಪತ್ತೇಳು ವರ್ಷದ ಕಸುಬಿನಲ್ಲಿ ಅಷ್ಟು ನಾಜೂಕಾದ ಕೆಲಸ ಇನ್ನೊಂದು ಮಾಡಿಲ್ಲ, ಹಾಳಾದ್ದು ಅದರ ಬಗ್ಗೆ ನನಗೆ ಹೆಮ್ಮೆಯೂ ಇತ್ತು. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡಂತೆ ಎಂದು ಆಗ ಹೊಳೆಯಲಿಲ್ಲ. ಹೊಳೆದಿದ್ದರೂ, ಯಾರ ಮೂಗು ಎಂದು ಗೊತ್ತಿರಲಿಲ್ಲ.

ಲಾರಿಗೆ ಜೀವ ಬಂತು. ಮೂರನೆಯ ಗೇರಿನಲ್ಲಿ ಏದುಸಿರು ಬಿಡುತ್ತಿದ್ದ ಏರನ್ನು ನಾಲ್ಕನೆಯದರಲ್ಲಿ ಹತ್ತಿತು. ಡೀಸೆಲ್ಲೂ ಉಳಿಯಿತು. ದೀಪ ಹತ್ತಲಿಲ್ಲ, ಮರಿ ಸಾಯಲಿಲ್ಲ. ಭಾವ ನನ್ನನ್ನು ಇಂಜಿನಿಯರ್ ಸಾಹೇಬ್ರೇ ಎಂದು ಕರೆಯತೊಡಗಿದ. ಒಂಬತ್ತನೆಯ ದಿನ ನಿಮ್ಮಲ್ಲಿಗೆ ವಾರ್ಷಿಕ ತಪಾಸಣೆಗೆ ಒಯ್ದಾಗ ನಾನೂ ಜೊತೆಯಲ್ಲಿದ್ದೆ. ನಿಮ್ಮವರು ಸ್ಟಿಯರಿಂಗಿನ ಕೆಳಗೆ ಒಂದು ವೈರು ಚುಚ್ಚಿದರು, ಕಂಪ್ಯೂಟರಿನ ಪರದೆ ನೋಡಿದರು, ವೈರು ಕಿತ್ತರು. ಮೂರು ನಿಮಿಷ. ಲಾರಿಯ ಹಿಂದಕ್ಕೆ ಯಾರೂ ಹೋಗಲಿಲ್ಲ. ಹೊಗೆ ಅಳೆಯುವ ಯಂತ್ರ ಮೂಲೆಯಲ್ಲಿ ಪ್ಲಾಸ್ಟಿಕ್ ಹೊದ್ದು ಕೂತಿತ್ತು, ಅದರ ಮೇಲೆ ಯಾರದೋ ಹೆಲ್ಮೆಟ್ಟು. ಯಂತ್ರ ಹಚ್ಚುವುದಿಲ್ಲವೆ ಎಂದು ನನ್ನ ಬಾಯಿ ತಪ್ಪಿ ಬಂತು. ನಿಮ್ಮ ಸಿಬ್ಬಂದಿ ಅಯ್ಯೋ ಪಾಪ ಎನ್ನುವಂತೆ ನೋಡಿ ಹೇಳಿದರು:

"ಫಿಲ್ಟರ್ ಇದ್ಮೇಲೆ ಹೊಗೆ ಎಲ್ಲಿಂದ ಬರುತ್ತೆ ಹೇಳಿ?"

ಮಾನ್ಯರೇ, ಬೀಗ ಇದ್ದ ಮೇಲೆ ಕಳ್ಳ ಎಲ್ಲಿಂದ ಬರುತ್ತಾನೆ? ಕಚೇರಿ ಇದ್ದ ಮೇಲೆ ಕೆಲಸ ಹೇಗೆ ಆಗದೆ ಇರುತ್ತದೆ? ನಿಮ್ಮ ತರ್ಕದಿಂದ ಬದುಕಿದರೆ ಈ ಲೋಕದಲ್ಲಿ ಕಷ್ಟ ಎಂಬುದೇ ಇಲ್ಲ.

ಮೂರು ತಿಂಗಳ ಹಿಂದೆ ಲಾರಿಯ ಹಿಂಬಾಗಿಲಿನ ಚಿಲಕ ರಿಪೇರಿಗೆಂದು ಆ ಲೋಡಿಂಗ್ ಕೋಣೆಗೆ ಹೋದೆ. ತೂತು ಕೊರೆದ ಮೇಲೆ ಅಲ್ಲಿಗೆ ಹೋದದ್ದು ಅದೇ ಮೊದಲು. ಸುಣ್ಣ ಬಳಿದ ಗೋಡೆ, ಲಾರಿಯ ಹೊಗೆಕೊಳವೆ ಬರುವ ಜಾಗದಲ್ಲಿ ನೆಲದಿಂದ ಎದೆಯ ಮಟ್ಟಕ್ಕೆ ಬೀಸಣಿಗೆಯಾಕಾರದಲ್ಲಿ ಕಪ್ಪಾಗಿತ್ತು. ಬೆರಳಿನಿಂದ ಒರೆಸಿದೆ, ಬೆರಳು ಕಪ್ಪಾಯಿತು. ಅಕ್ಕ ಅದರ ಮುಂದೆ ನಿಂತು ಟ್ರೇ ಎತ್ತಿಕೊಡುತ್ತಿದ್ದಳು, ಎರಡು ಟ್ರೇಗೊಮ್ಮೆ ಕೆಮ್ಮುತ್ತಿದ್ದಳು. ಎಷ್ಟು ದಿನದಿಂದ ಎಂದೆ. ನಾಲ್ಕು ತಿಂಗಳಾಯ್ತೇನೋ, ಮರಿಗಳ ತುಪ್ಪುಳು ಕಣೋ, ಇಲ್ಲಿ ಎಲ್ಲರಿಗೂ ಇದ್ದದ್ದೇ ಎಂದಳು. ಮಾಸ್ಕು ಸರಿಮಾಡಿಕೊಳ್ಳಲು ಒಮ್ಮೆ ಕೆಳಗಿಳಿಸಿದಳು. ಮರಿಗಳ ತುಪ್ಪುಳು ಹಳದಿ ಇರುತ್ತದೆ, ಮಾನ್ಯರೇ. ಅವಳ ಮಾಸ್ಕಿನ ಒಳಮೈ ಬೂದುಗಪ್ಪಾಗಿತ್ತು. ಆ ಬಣ್ಣ ನನಗೆ ಚೆನ್ನಾಗಿ ಗೊತ್ತು. ನಾನು ದಿನಾ ಸೀಮೆಎಣ್ಣೆ ಹಾಕಿ ಕೈಯಿಂದ ತೊಳೆದುಕೊಳ್ಳುವುದು ಅದನ್ನೇ.

ಅಮ್ಮ ತೀರಿಕೊಂಡಾಗ ನನಗೆ ಏಳು, ಅಕ್ಕನಿಗೆ ಹದಿನಾರು. ನನ್ನನ್ನು ಸಾಕಿದವಳು ಅವಳು. ಸ್ಕೂಲು ತಲೆಗೆ ಹತ್ತದಿದ್ದಾಗ ಬೆತ್ತ ಹಿಡಿಯದೆ ಮೇಸ್ತ್ರಿಯ ಹತ್ತಿರ ಕರೆದುಕೊಂಡು ಹೋಗಿ, ಇವನ ಕೈ ಚೆನ್ನಾಗಿದೆ ಎಂದು ಹೇಳಿ ಬಿಟ್ಟುಬಂದವಳೂ ಅವಳೇ. ಆ ಕೈಯಿಂದಲೇ ನಾನು ತೂತು ಕೊರೆದೆ. ಇದನ್ನು ಬರೆಯುವಾಗ ನನಗೆ ಅಳು ಬರುತ್ತಿದೆ, ಬರಲಿ.

ಅಂದೇ ಭಾವನಿಗೆ ಹೇಳಿದೆ. ನನ್ನ ಖರ್ಚಿನಲ್ಲಿ ಹೊಸ ಫಿಲ್ಟರು ಹಾಕುತ್ತೇನೆ ಎಂದೆ. ಅವನು, ಹೊಸದು ಹಾಕಿದರೆ ಮತ್ತೆ ನಲವತ್ತು ನಿಮಿಷ ಎಲ್ಲಿ ನಿಲ್ಲಿಸಲಿ ಎಂದು ಕೇಳಿದ. ಅದಕ್ಕೆ ಉತ್ತರ ನಿಮ್ಮಲ್ಲಿರಬೇಕಿತ್ತು. ನಾನು ಪಟ್ಟು ಬಿಡದಿದ್ದಾಗ ಅವನಿಗೆ ಸಿಟ್ಟು ಬಂತು. ಗಾಜಿನ ಮೇಲಿನ ಸ್ಟಿಕ್ಕರಿಗೆ ಬೆರಳು ಕುಟ್ಟಿದ.

"ಇದನ್ನ ಕೊಟ್ಟೋರು ಓದಿದೋರು. ಹೊಗೆ ಇಲ್ಲ ಅಂತ ಅವರೇ ಬರೆದುಕೊಟ್ಟಿದಾರೆ. ಅವರಿಗಿಂತ ನೀನು ದೊಡ್ಡವನಾ?"

ಅವನು ಕೆಟ್ಟವನಲ್ಲ. ಎರಡು ಸಾವಿರದ ಮುನ್ನೂರು ಮರಿಗಳನ್ನು ಕೈಯಾರೆ ಗುಂಡಿಗೆ ಹಾಕಿದವನು. ನಂಬಲು ಅವನಿಗೆ ಏನಾದರೂ ಬೇಕಿತ್ತು, ನೀವು ಅದನ್ನು ಹಸಿರು ಬಣ್ಣದಲ್ಲಿ ಅಚ್ಚು ಹಾಕಿಸಿ ಕೊಟ್ಟಿರಿ.

ಆಗ ನಾನು ನಿಮ್ಮ ಕಚೇರಿಗೆ ಬಂದೆ. ಮೊದಲ ಸಲ ಬಾಯಿಮಾತಿನಲ್ಲಿ ಹೇಳಿದೆ. ದೀಪ ಉರಿಯುತ್ತಿದೆಯೆ ಎಂದು ಕೇಳಿದರು, ಇಲ್ಲ ಎಂದೆ, ಹಾಗಾದರೆ ತೊಂದರೆ ಏನು ಎಂದರು. ಎರಡನೆಯ ಸಲ ಲಿಖಿತವಾಗಿ ಕೊಟ್ಟೆ, ಕೊರೆದ ದಿನ ಹೆಮ್ಮೆಗೆಂದು ತೆಗೆದಿಟ್ಟಿದ್ದ ತೂತಿನ ಫೋಟೋಗಳನ್ನೂ ಲಗತ್ತಿಸಿದೆ. ಗುಮಾಸ್ತರು ಅರ್ಜಿಯ ನಮೂನೆ ಹುಡುಕಿದರು. ಸರ್ಟಿಫಿಕೇಟು ಇಲ್ಲದ ವಾಹನದ ಮೇಲೆ ದೂರು ಕೊಡಲು ನಮೂನೆ ಇದೆ, ತಪಾಸಣೆಯಲ್ಲಿ ಫೇಲಾದವರು ಮೇಲ್ಮನವಿ ಮಾಡಲು ಇದೆ, ಪಾಸಾದದ್ದರ ವಿರುದ್ಧ ಮೇಲ್ಮನವಿಗೆ ನಮೂನೆಯೇ ಇಲ್ಲ. ಯಂತ್ರದಿಂದ ಒಮ್ಮೆ ಅಳೆದುಬಿಡಿ ಸಾರ್ ಎಂದು ಕೈ ಮುಗಿದೆ. ಸರ್ಟಿಫಿಕೇಟಿನ ಅವಧಿ ಇನ್ನೂ ಐದು ತಿಂಗಳಿದೆ, ಅದು ಮುಗಿಯುವ ಮೊದಲು ಲಾರಿಯಿಂದ ಹೊಗೆ ಬರುವುದು ದಾಖಲೆಗೆ ವಿರುದ್ಧ ಎಂದರು. ಮನೆಯಲ್ಲಿ ಏನಾದರೂ ಜಗಳವೆ, ಭಾವನ ಮೇಲೆ ಕೋಪವೆ ಎಂದು ಹಿತವಾಗಿ ವಿಚಾರಿಸಿದರು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರನ್ನು ನೋಡಿದ್ದೇನೆ. ಎತ್ತಿಗೆ ಕೊಂಬಿದೆ ಎಂದರೂ ನಂಬದವರನ್ನು ಕಂಡದ್ದು ನಿಮ್ಮಲ್ಲೇ.

ಕಳೆದ ಸೋಮವಾರ ಅಕ್ಕನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆ. ಒಂದು ಕೊಳವೆಗೆ ಊದಿಸಿದರು. ಮೂರು ಸಲ ಊದಿದರೂ ಅದರೊಳಗಿನ ಗುಂಡು ಅರ್ಧದಿಂದ ಮೇಲೆ ಏಳಲಿಲ್ಲ. ಡಾಕ್ಟರಮ್ಮ ಮನೆಯಲ್ಲಿ ಯಾರಾದರೂ ಸಿಗರೇಟು ಸೇದುತ್ತಾರೆಯೆ ಎಂದರು, ಇಲ್ಲ. ಸೌದೆ ಒಲೆಯೆ, ಇಲ್ಲ. ಕೆಲಸದ ಜಾಗದಲ್ಲಿ ಹೊಗೆ ಇದೆಯೆ ಎಂದರು. ಅಕ್ಕ ಸ್ವಲ್ಪ ಹೆಮ್ಮೆಯಿಂದಲೇ ಹೇಳಿದಳು:

"ಒಂದು ಲಾರಿ ನಿಲ್ಲುತ್ತೆ ಡಾಕ್ಟ್ರೇ. ಆದ್ರೆ ಅದು ನಮ್ಮದೇ. ಹಸಿರು ಸ್ಟಿಕ್ಕರ್ ಇದೆ."

ಡಾಕ್ಟರಮ್ಮ ತಲೆಯಾಡಿಸಿ, ಕೋಳಿ ತುಪ್ಪುಳಿನ ಅಲರ್ಜಿ ಎಂದು ಬರೆದು ಮಾತ್ರೆ ಕೊಟ್ಟರು. ನಾನು ಪಕ್ಕದ ಸ್ಟೂಲಿನ ಮೇಲೆ ಕೂತಿದ್ದೆ. ಬಾಯಿ ಬಿಡಲಿಲ್ಲ. ನಿಮ್ಮ ಕೌಂಟರಿನಲ್ಲಿ ಅಷ್ಟು ಧೈರ್ಯವಾಗಿ ಒಪ್ಪಿಕೊಂಡವನು ಅಲ್ಲಿ ಹೇಡಿಯಾದೆ.

ಈ ಪತ್ರವನ್ನು ಪತ್ರಿಕೆಗೆ ಕೊಡುವ ಮೊದಲು, ನಿನ್ನೆ, ಅವಳ ಅಡುಗೆಮನೆಯಲ್ಲಿ ಕೂತು ಇಲ್ಲಿಯವರೆಗೆ ಪೂರ್ತಿ ಓದಿ ಹೇಳಿದೆ. ತರಕಾರಿ ಹೆಚ್ಚುತ್ತಿದ್ದವಳು ಚಾಕು ಕೆಳಗಿಟ್ಟು ಕೇಳಿದಳು. ಬೈಯುತ್ತಾಳೆ ಎಂದುಕೊಂಡಿದ್ದೆ, ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಒಂದೇ ಮಾತು ಕೇಳಿದಳು: "ಅವರಿಗೆ ಗೊತ್ತಿತ್ತಾ?" ಭಾವನಿಗೆ ತೂತು ಗೊತ್ತಿತ್ತು ಎಂದೆ. ನಿನ್ನ ಕೆಮ್ಮು ಗೊತ್ತಿತ್ತು. ಒಂದಕ್ಕೊಂದು ಸಂಬಂಧ ಇದೆ ಅಂತ ನಾನು ಹೇಳಿದೆ, ಅವನು ಸ್ಟಿಕ್ಕರನ್ನ ನಂಬಿದ ಎಂದೆ. ಅವಳು ಮತ್ತೆ ಚಾಕು ಎತ್ತಿಕೊಂಡಳು. ರಾತ್ರಿ ಗಂಡ ಹೆಂಡತಿ ಏನು ಮಾತಾಡಿಕೊಂಡರೋ, ಮಾತಾಡಿಕೊಂಡರೋ ಇಲ್ಲವೋ, ನನಗೆ ಗೊತ್ತಿಲ್ಲ. ಇವತ್ತು ಬೆಳಿಗ್ಗೆ ಅವಳು ಕೆಲಸಕ್ಕೆ ಹೋದಳು. ಹೋಗಬೇಡ ಎಂದು ಫೋನಿನಲ್ಲಿ ಗೋಗರೆದೆ. ತಾನು ಹೋಗದಿದ್ದರೆ ಆ ಗೋಡೆಯ ಮುಂದೆ ಹೊಸದಾಗಿ ಸೇರಿದ ಬಸುರಿ ಹೆಂಗಸನ್ನು ನಿಲ್ಲಿಸುತ್ತಾರಂತೆ. ಇಷ್ಟು ಹೇಳಿ ಫೋನು ಇಟ್ಟಳು.

ಆದ್ದರಿಂದ ಮಾನ್ಯರೇ, ನನ್ನ ಒತ್ತಾಯ ಕೇಳಿ. ಹೆಲ್ಮೆಟ್ಟು ಪಕ್ಕಕ್ಕಿಟ್ಟು, ಪ್ಲಾಸ್ಟಿಕ್ ತೆಗೆದು, ಆ ಯಂತ್ರವನ್ನು ಹೊತ್ತುಕೊಂಡು ಬನ್ನಿ. ವೈರು ಚುಚ್ಚುವ ಜಾಗಕ್ಕಲ್ಲ, ಹೊಗೆ ಬರುವ ಜಾಗಕ್ಕೆ ಹಚ್ಚಿ. ಆ ಲಾರಿಯನ್ನು ಫೇಲು ಮಾಡಿ, ಅದರ ಸ್ಟಿಕ್ಕರನ್ನು ನಿಮ್ಮ ಉಗುರಿನಿಂದಲೇ ಕೆರೆದು ತೆಗೆಯಿರಿ, ನನ್ನ ಮೇಲೆ ಕೇಸು ಹಾಕಿ, ನಾನು ಒಂದು ಮಾತೂ ಎದುರಾಡುವುದಿಲ್ಲ. ಆಮೇಲೆ ನಾನು ಹಾಕುವ ಹೊಸ ಫಿಲ್ಟರು ಬದುಕಬೇಕಾದರೆ, ನಲವತ್ತು ನಿಮಿಷ ನಿಂತು ಮಸಿ ಸುಡಲು ಗುಡ್ಡದ ಬುಡದಲ್ಲಿ ಒಂದು ಲಾರಿಯಷ್ಟು ಜಾಗ ಕೊಡಿ, ಅಲ್ಲಿಗೆ ದಂಡದ ಚೀಟಿ ಕಳಿಸಬೇಡಿ. ಲೋಡಿಂಗ್ ಬೆಳಿಗ್ಗೆ ಆರಕ್ಕೆ ಶುರುವಾಗುತ್ತದೆ, ಏಳೂವರೆಯವರೆಗೆ ನಡೆಯುತ್ತದೆ. ಬಂದಾಗ ದಯವಿಟ್ಟು ಬಾಗಿಲಲ್ಲೇ ನಿಲ್ಲಬೇಡಿ. ಒಳಗೆ ಬಂದು, ಗೋಡೆ ಕಪ್ಪಾದ ಕಡೆ, ನನ್ನ ಅಕ್ಕನ ಪಕ್ಕದಲ್ಲಿ, ಮಾಸ್ಕಿಲ್ಲದೆ ಒಂದೂವರೆ ಗಂಟೆ ನಿಲ್ಲಿ. ಹೊಗೆ ಇಲ್ಲ ಎಂದು ಸಹಿ ಹಾಕಿದವರು ನೀವು, ನಿಮಗೇನೂ ಆಗುವುದಿಲ್ಲ.

ಇಂತಿ,
ತಪ್ಪೊಪ್ಪಿಕೊಂಡರೂ ನಿಮ್ಮ ದಾಖಲೆಯಲ್ಲಿ ತಪ್ಪಿತಸ್ಥನಾಗಲು ಅರ್ಹತೆ ಸಾಲದ,
ಕೈ ಚೆನ್ನಾಗಿರುವ ಒಬ್ಬ ಮೆಕ್ಯಾನಿಕ್